ಕಡೇ ಅಧ್ಯಾಯದಲ್ಲಿ ಕಡತ ಸುಡಬೇಡಿ ಸ್ವಾಮಿ

ಕನ್ನಡದಲ್ಲಿ ಐತಿಹಾಸಿಕ ಕಾದಂಬರಿ ಬರೆಯೋರಿಗೆ, ತಿದ್ದೋರಿಗೆ, ಅಚ್ಚು ಹಾಕೋರಿಗೆ, ಅದಕ್ಕೆ ಬಹುಮಾನ ಕೊಡೋ ತೀರ್ಪುಗಾರರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ನಾನ್ಯಾರು ಅಂತ ಮೊದಲು ಹೇಳಿಬಿಡ್ತೀನಿ. ಹನ್ನೊಂದು ವರ್ಷದಿಂದ ಮನೇಲೇ ಕೂತು ಡಿಟಿಪಿ ಮಾಡ್ಕೊಂಡು, ಪ್ರೂಫ್ ನೋಡ್ಕೊಂಡು ಬದುಕ್ತಾ ಇದೀನಿ. ನಿಮ್ಮ ಪುಸ್ತಕದಲ್ಲಿ ಎಲ್ಲೂ ನನ್ನ ಹೆಸರು ಇರಲ್ಲ, ಇರಬೇಕು ಅಂತ ಕೇಳಿದ್ದೂ ಇಲ್ಲ. ಮಹಾಪ್ರಾಣ ಸರಿ ಮಾಡೋದು, ಬಿಟ್ಟುಹೋದ ಒತ್ತು ಹಾಕೋದು, ನುಡಿ ತಂತ್ರಾಂಶದಿಂದ ಯೂನಿಕೋಡ್‌ಗೆ ತಂದಾಗ ಅರ್ಕಾವೊತ್ತು ಎಲ್ಲೋ ಹೋಗಿ ಕೂತಿರುತ್ತಲ್ಲ ಅದನ್ನ ಹುಡುಕಿ ವಾಪಸ್ ಕರ್ಕೊಂಡು ಬರೋದು, ಇಷ್ಟೇ ನನ್ನ ಕೆಲಸ. ಕತೆ ಹೀಗಿರಬೇಕಿತ್ತು ಹಾಗಿರಬೇಕಿತ್ತು ಅನ್ನೋಕೆ ನನಗೆ ಯಾರೂ ದುಡ್ಡು ಕೊಡಲ್ಲ, ಅದಕ್ಕೇ ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದೆ.

ಹೋದ ವರ್ಷ ಮಳೆಗಾಲದಲ್ಲಿ ಒಂದು ಕಾದಂಬರಿ ಬಂತು. ಯಾರದು, ಯಾವ ಪ್ರಕಾಶನ ಅಂತ ಹೇಳಲ್ಲ, ಗುರುತು ಹತ್ತಬಾರದು ಅಂತ ಕತೆಯ ಊರು ಕಾಲ ಎರಡನ್ನೂ ಇಲ್ಲಿ ಸ್ವಲ್ಪ ಆಚೀಚೆ ಮಾಡಿದೀನಿ. ಲೇಖಕಿಗೆ ಅದು ಮೊದಲ ಕಾದಂಬರಿ. ಈಗಿನ ಕಾಲದ ಒಬ್ಬ ಹುಡುಗಿ, ಅಜ್ಜಿ ತೀರಿಕೊಂಡ ಮೇಲೆ ಮಲೆನಾಡಿನ ಹಳೇ ಮನೆ ಖಾಲಿ ಮಾಡೋಕೆ ಹೋಗ್ತಾಳೆ, ಅಟ್ಟದ ಮೇಲೆ ಅಡಿಕೆ ಲೆಕ್ಕದ ಕಡತಗಳ ಮಧ್ಯೆ ಬೇರೆ ಥರದ್ದೊಂದು ಕಡತ ಸಿಗುತ್ತೆ, ಬಿಚ್ಚಿ ನೋಡಿದ್ರೆ ಕೆಳದಿ ಅರಸರ ಕಾಲದ ಇಬ್ಬರು ಹೆಂಗಸರ ಕತೆ, ಒಬ್ಬಳು ನೇಕಾರರ ಮನೆಯ ವಿಧವೆ, ಇನ್ನೊಬ್ಬಳು ದೇವಸ್ಥಾನದಲ್ಲಿ ಕುಣಿಯೋಳು, ಇಬ್ಬರೂ ಒಬ್ಬರಿಗೊಬ್ಬರು ಒಲಿದವರು. ಬರವಣಿಗೆಯಲ್ಲಿ ಅಲ್ಲಲ್ಲಿ ಎಡವಿದ್ದು ಇತ್ತು, ಇಲ್ಲ ಅನ್ನಲ್ಲ, ಆದ್ರೆ ಆ ಇಬ್ಬರು ಮಾತಾಡೋ ಕಡೆಯೆಲ್ಲ ಎಷ್ಟು ಚೆನ್ನಾಗಿತ್ತು ಅಂದ್ರೆ ನಾನು ಪ್ರೂಫ್ ನೋಡೋದು ಮರೆತು ಸುಮ್ಮನೆ ಓದ್ತಾ ಕೂತಿದ್ದೆ, ಆಮೇಲೆ ವಾಪಸ್ ಬಂದು ತಪ್ಪು ಹುಡುಕಬೇಕಾಯ್ತು.

ಕಡತ ಕಣ್ಣಲ್ಲಿ ನೋಡಿರದವರಿಗೆ ಒಂದು ಮಾತು. ಬಟ್ಟೆಗೆ ಹುಣಸೇಬೀಜದ ಅಂಟು, ಇದ್ದಿಲಪುಡಿ ಮೆತ್ತಿ ಒಣಗಿಸಿ, ಹಲಗೆ ಥರ ಗಟ್ಟಿ ಮಾಡಿ, ಹಿಂದೆ ಮುಂದೆ ಮಡಿಕೆ ಮಡಿಚಿ, ಬಳಪದಲ್ಲಿ ಬರೆಯೋದು. ನಮ್ಮ ಅಜ್ಜನ ಮನೇಲಿ ಒಂದಿತ್ತು. ಆರೋ ಏಳೋ ವರ್ಷದವಳಿದ್ದಾಗ ಅದನ್ನ ಎತ್ಕೊಂಡು ಹೆಬ್ಬೆಟ್ಟಿನಲ್ಲಿ ಉಜ್ಜಿದ್ದೆ, ಉಜ್ಜಿದ ಜಾಗ ಕಪ್ಪಗೆ ಆಗಿ ಬೆರಳು ಬೆಳ್ಳಗಾಯ್ತು, ಅಜ್ಜ "ನಿನ್ನ ಮುತ್ತಜ್ಜನಿಗೆ ಬರಬೇಕಾಗಿದ್ದ ಬಾಕಿ ಅಳಿಸಿಬಿಟ್ಯಲ್ಲೇ" ಅಂತ ನಕ್ಕಿದ್ರು. ಅಷ್ಟು ಸುಲಭವಾಗಿ ಹೋಗಿಬಿಡೋ ಅಕ್ಷರ ಅದು. ಆ ಲೇಖಕಿ ಇದನ್ನ ಚೆನ್ನಾಗಿ ತಿಳ್ಕೊಂಡೇ ಬರೆದಿದ್ರು, ಅವರ ಕತೇಲಿ ಆ ಹುಡುಗಿ ಕಡತದ ಮೇಲೆ ಕೈ ಇಡೋಕೂ ಹೆದರ್ತಾಳೆ, ಅಂಚು ಹಿಡ್ಕೊಂಡು ಓದ್ತಾಳೆ. ಕೊನೇಲಿ ಅದನ್ನ ಹಳೇ ಸೀರೇಲಿ ಸುತ್ತಿ ಹಸ್ತಪ್ರತಿ ಭಂಡಾರಕ್ಕೆ ಕೊಟ್ಟು, ರಸೀದಿ ಇಸ್ಕೊಂಡು ಬಸ್ ಹತ್ತುತ್ತಾಳೆ. ಅಷ್ಟೇ. ಕತೆ ಮುಗೀತು.

ಮೊದಲ ಪ್ರೂಫ್ ಮುಗಿಸಿ ಕಳಿಸಿದೆ. ಮೂರು ವಾರ ಆದ ಮೇಲೆ ಸಂಪಾದಕರ ತಿದ್ದುಪಡಿ ಬಂತು, ಪ್ರಿಂಟ್ ತೆಗೆದು ಕೆಂಪು ಪೆನ್ನಲ್ಲಿ ತಿದ್ದಿ ಸ್ಕ್ಯಾನ್ ಮಾಡಿದ್ದು. "ಒಲವು" ಇದ್ದ ಕಡೆಯೆಲ್ಲ "ಸಖ್ಯ". "ನನ್ನವಳು" ಹೊಡೆದು "ನನ್ನ ತಂಗಿಯಂಥವಳು". "ಅವಳ ಹೆರಳಿನ ಮೊಲ್ಲೆ ನನ್ನ ತಲೆದಿಂಬಿನ ಮೇಲೆ ಉದುರಿತ್ತು" ಅನ್ನೋ ಒಂದು ಸಾಲಿತ್ತು, ಅದರ ಮೇಲೆ ಅಡ್ಡ ಗೀಟು, ಪಕ್ಕದಲ್ಲಿ "ಓದುಗರಿಗೆ ಮುಜುಗರ" ಅಂತ. ಇಂಥವು ಹದಿನಾಲ್ಕು. ಹದಿನಾಲ್ಕೂ ನಾನೇ ಕೂತು ಟೈಪ್ ಮಾಡಿದೆ, ರಾತ್ರಿ ಒಂದೂವರೆ ತನಕ. ಕಡೇ ಅಧ್ಯಾಯಕ್ಕೆ ಬೇರೇನೇ ಹಾಳೆ ಇತ್ತು. ಮೇಲ್ಗಡೆ "ಎಂಡಿಂಗ್ ಫ್ಲ್ಯಾಟ್, ಸುಟ್ಟರೆ ಎಮೋಷನ್ ಬರುತ್ತೆ" ಅಂತ ಷರಾ. ಹೊಸ ಕಡೇ ಅಧ್ಯಾಯದಲ್ಲಿ ಆ ಹುಡುಗಿ ಅಜ್ಜಿಯ ಮಾನ ಕಾಪಾಡೋಕೆ ಅಂತ ಕಡತವನ್ನ ಬಚ್ಚಲ ಹಂಡೆ ಒಲೆಗೆ ಹಾಕ್ತಾಳೆ, ಅದು ಧಗಧಗ ಉರಿಯುತ್ತೆ, ಅವಳ ಕಣ್ಣಲ್ಲಿ ಒಂದು ಹನಿ. ನನಗೆ ಮೊದಲು ಬಂದಿದ್ದು ಸಿಟ್ಟಲ್ಲ, ಪ್ರೂಫ್ ನೋಡೋಳ ಕೆಟ್ಟ ಚಾಳಿ: ಅಲ್ಲ, ಅಳಿಸಲೇಬೇಕು ಅಂದ್ರೆ ಒಂದು ಒದ್ದೆ ಬಟ್ಟೆ ಸಾಕಾಗಿತ್ತಲ್ಲ, ಯಾರಿಗೂ ಗೊತ್ತಾಗ್ತಿರಲಿಲ್ಲ, ಒಲೆ ಯಾಕೆ?

ಸಂಪಾದಕರಿಗೆ ಫೋನ್ ಮಾಡಿದೆ. ಅವರು ಒಳ್ಳೇ ಮನುಷ್ಯ, ಅದು ನಾನು ಹೇಳಲೇಬೇಕು, ದುಡ್ಡು ಒಂದು ದಿನಾನೂ ತಡ ಮಾಡಿಲ್ಲ. ಬೇಜಾರಿಲ್ದೆ ಉತ್ತರ ಕೊಟ್ರು. ಆ ಕಾಲದಲ್ಲಿ ಅಂಥದ್ದೆಲ್ಲ ಇರಲಿಲ್ಲಮ್ಮ, ಇದ್ರೂ ಅದಕ್ಕೆ ಸಾಕ್ಷಿ ಇಲ್ಲ, ನಾಳೆ ಲೈಬ್ರರಿ ಸಗಟು ಖರೀದಿಗೆ ಹೋದಾಗ ಯಾರಾದ್ರೂ ತಕರಾರು ಎತ್ತಿದ್ರೆ ಲೇಖಕಿಗೇ ತೊಂದರೆ, ಅವರೂ ಒಪ್ಪಿದಾರೆ ಅಂದ್ರು. ಪುಸ್ತಕ ಬಂತು. ಬಿಡುಗಡೆ ದಿನ ಮುಖ್ಯ ಅತಿಥಿ ಇದನ್ನ ಸೋದರಿಯರ ಬಾಂಧವ್ಯದ ಅಪೂರ್ವ ಚಿತ್ರಣ ಅಂತ ಇಪ್ಪತ್ತು ನಿಮಿಷ ಹೊಗಳಿದ್ರು. ಲೇಖಕಿ ವೇದಿಕೆ ಮೇಲೆ ನೀರಿನ ಬಾಟಲ್ ಮುಚ್ಚಳ ತಿರುಗಿಸ್ತಾ ಕೂತಿದ್ರು.

ಇದೊಂದೇ ಆಗಿದ್ರೆ ಪತ್ರ ಬರೀತಿರಲಿಲ್ಲ. ಈ ಹನ್ನೊಂದು ವರ್ಷದಲ್ಲಿ ಹಳೇ ಓಲೆಗರಿ, ಡೈರಿ, ಪತ್ರದ ಕಟ್ಟು ಸಿಕ್ಕೋ ಥರದ ಕಾದಂಬರಿ ಏಳೆಂಟು ನನ್ನ ಕೈ ದಾಟಿವೆ, ಅದರಲ್ಲಿ ನಾಲ್ಕರಲ್ಲಿ ಗಂಡು ಗಂಡು ಅಥವಾ ಹೆಣ್ಣು ಹೆಣ್ಣು ಒಲಿದ ಸಂಗತಿ ಬರುತ್ತೆ, ನಾಲ್ಕರಲ್ಲೂ ಕಾಗದ ಉಳಿಯಲ್ಲ. ಒಂದು ಹೊಳೇಲಿ ಕೊಚ್ಚಿಹೋಗುತ್ತೆ, ಒಂದಕ್ಕೆ ಗೆದ್ದಲು, ಎರಡಕ್ಕೆ ಬೆಂಕಿ. ರಾಜರ ಖಜಾನೆ ಗುಟ್ಟು ಇರೋ ಓಲೆಗರಿ ಮಾತ್ರ ಮುನ್ನೂರು ವರ್ಷ ಆದ್ರೂ ಗಟ್ಟಿಮುಟ್ಟಾಗಿ ಇರುತ್ತೆ, ಗೆದ್ದಲಿಗೂ ಯಾವುದನ್ನ ತಿನ್ನಬೇಕು ಅಂತ ಗೊತ್ತಿರೋ ಹಾಗೆ. ಜೊತೆಗೆ ಆ ಪ್ರೇಮವನ್ನ ಯಾವಾಗಲೂ 280ನೇ ಪುಟದ ತನಕ ಮುಚ್ಚಿಟ್ಟು ಆಮೇಲೆ ಬಾಂಬ್ ಥರ ಒಡೀತೀರಿ. ಕೊಲೆಗಾರ ಯಾರು ಅನ್ನೋ ಹಾಗೆ. ಒಲಿದವರು ಅವರಿಬ್ಬರು, ಬೆಚ್ಚಿಬೀಳಬೇಕಾದವರು ಓದುಗರು, ಇದ್ಯಾವ ನ್ಯಾಯ.

ಸುಡೋ ವಿಷಯಕ್ಕೇ ಒಂದು ನಿಜವಾದ ಕತೆ ಹೇಳ್ತೀನಿ, ನೀವು ಕಟ್ಟಿದ ಕತೆಗಿಂತ ಇದರಲ್ಲಿ ಎಮೋಷನ್ ಜಾಸ್ತಿ ಇದೆ.

ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ಹ್ಯಾಲಿಫ್ಯಾಕ್ಸ್ ಅಂತ ಊರು, ಅಲ್ಲಿ ಶಿಬ್ಡನ್ ಹಾಲ್ ಅಂತ ಜಮೀನ್ದಾರರ ಮನೆ. ಆ ಮನೇಲಿ ಆನ್ ಲಿಸ್ಟರ್ ಅಂತ ಒಬ್ಬ ಹೆಂಗಸು ಇದ್ದಳು, ಹುಟ್ಟಿದ್ದು 1791ರಲ್ಲಿ. ಗೇಣಿ ಲೆಕ್ಕ, ಕಲ್ಲಿದ್ದಲು ಗಣಿ, ಪ್ರವಾಸ, ಹವಾಮಾನ, ಬೆಳಿಗ್ಗೆ ಎಷ್ಟು ಗಂಟೆಗೆ ಎದ್ದೆ, ಎಲ್ಲಾನೂ ಡೈರಿಯಲ್ಲಿ ಬರೀತಿದ್ದಳು. ಒಟ್ಟು ಸುಮಾರು 50 ಲಕ್ಷ ಪದ. ದಿನಕ್ಕೆ ಎಂಟು ಸಾವಿರ ಪದದ ಪ್ರೂಫ್ ನೋಡೋ ನನ್ನಂಥವಳು ಒಂದು ದಿನಾನೂ ರಜೆ ಹಾಕದೆ ಕೂತ್ರೂ 625 ದಿನ ಬೇಕು, ಅದೂ ಅಕ್ಷರ ಓದೋ ಹಾಗಿದ್ರೆ. ಓದೋ ಹಾಗಿರಲಿಲ್ಲ. ಸುಮಾರು ಆರರಲ್ಲೊಂದು ಪಾಲು ಗೂಢಲಿಪಿ, ಗ್ರೀಕ್ ಅಕ್ಷರ, ಅಂಕಿ, ಬೀಜಗಣಿತದ ಚಿಹ್ನೆ ಎಲ್ಲ ಸೇರಿಸಿ ಅವಳೇ ಕಟ್ಟಿಕೊಂಡಿದ್ದು. ಅವಳು ಹೆಂಗಸರನ್ನ ಪ್ರೀತಿಸಿದ್ದು, ಕೂಡಿದ್ದು, ಜಗಳ ಆಡಿದ್ದು, ಅತ್ತಿದ್ದು ಆ ಲಿಪಿಯಲ್ಲಿತ್ತು. 1840ರಲ್ಲಿ ಈಗಿನ ಜಾರ್ಜಿಯಾ ದೇಶದ ಕುಟೈಸಿ ಅನ್ನೋ ಊರಲ್ಲಿ, ಪ್ರವಾಸದಲ್ಲಿರುವಾಗಲೇ ಜ್ವರ ಬಂದು ಸತ್ತಳು. ಜೊತೆಗಿದ್ದ ಸಂಗಾತಿ ಆನ್ ವಾಕರ್ ಆ ದೇಹವನ್ನ ಅಷ್ಟು ದೂರದಿಂದ ಊರಿಗೆ ತಂದಳು, ತಿಂಗಳುಗಟ್ಟಲೆ ಹಿಡೀತು, 1841ರಲ್ಲಿ ಹ್ಯಾಲಿಫ್ಯಾಕ್ಸ್‌ನ ಚರ್ಚಿನಲ್ಲಿ ಮಣ್ಣು ಮಾಡಿದ್ರು.

ಐವತ್ತು ವರ್ಷ ಕಳೀತು. ಆ ಮನೆಯ ಕೊನೇ ವಾರಸುದಾರ ಜಾನ್ ಲಿಸ್ಟರ್‌ಗೆ ಇತಿಹಾಸದ ಹುಚ್ಚು, ಡೈರಿಯ ಮಾಮೂಲಿ ಭಾಗಗಳನ್ನ ಊರಿನ ಪತ್ರಿಕೇಲಿ ಕಂತು ಕಂತಾಗಿ ಹಾಕ್ತಿದ್ದ. ಗೂಢಲಿಪಿ ಮಾತ್ರ ಬಗೆಹರೀಲಿಲ್ಲ. ಆರ್ಥರ್ ಬರೆಲ್ ಅಂತ ಒಬ್ಬ ಮೇಷ್ಟ್ರು ಗೆಳೆಯ, ಇಬ್ಬರೂ ಸೇರಿ ಕೂತ್ರು. ಎರಡು ಅಕ್ಷರ ಊಹೆಗೆ ಸಿಕ್ಕಿತ್ತು. ಮನೆಯ ಹಳೇ ದಸ್ತಾವೇಜುಗಳ ಮಧ್ಯೆ ಒಂದು ಚೀಟಿ ಸಿಕ್ತು, "ದೇವರಲ್ಲೇ ನನ್ನ" ಅನ್ನೋ ತನಕ ಇಂಗ್ಲಿಷ್, ಮುಂದಿನ ಪದ ಗೂಢ. ಅದು "ಹೋಪ್" ಇರಬೇಕು ಅಂತ ಹೊಳೀತು, ಭರವಸೆ ಅನ್ನೋ ಪದ, ಆ ನಾಲ್ಕು ಅಕ್ಷರ ಹಿಡ್ಕೊಂಡು ರಾತ್ರಿ ಕೂತು ಇಡೀ ಲಿಪಿ ಬಿಡಿಸಿದ್ರು. ಕಾದಂಬರೀಲಿ ಯಾರಾದ್ರೂ ಹೀಗೆ ಬರೆದಿದ್ರೆ ನಾನೇ ಪಕ್ಕದಲ್ಲಿ "ಸ್ವಲ್ಪ ಅತಿಯಾಯ್ತು" ಅಂತ ಬರೀತಿದ್ದೆ.

ಓದಿದ್ರು. ಬರೆಲ್ ಬೆಚ್ಚಿಬಿದ್ದು ಸುಟ್ಟುಬಿಡು ಅಂದ. ಕಾಲ ಹಾಗಿತ್ತು, ಗಂಡಸರ ನಡುವಿನ ಸಂಬಂಧಕ್ಕೆ ಜೈಲು ಅಂತ 1885ರಲ್ಲಿ ಕಾನೂನು ಬಂದಿತ್ತು, 1895ರಲ್ಲಿ ಆಸ್ಕರ್ ವೈಲ್ಡ್‌ನನ್ನ ಆ ಕಾನೂನಲ್ಲೇ ಒಳಗೆ ಹಾಕಿದ್ರು, ಹೆಂಗಸರು ಅದರೊಳಗೆ ಬರದಿದ್ರೂ ಮನೆತನದ ಮಾನ ಅಂತ ಒಂದಿತ್ತಲ್ಲ. ಜಾನ್‌ಗೂ ಹೆದರಿಕೆ ಆಗಿರಬೇಕು, ಕಂತು ಮುಂದುವರಿಸಲಿಲ್ಲ. ಆದ್ರೆ ಸುಡಲಿಲ್ಲ. ಡೈರಿಗಳನ್ನ ಮನೆಯ ಮರದ ಹಲಗೆ ಗೋಡೆಯ ಹಿಂದೆ ಇಟ್ಟು ಮುಚ್ಚಿಬಿಟ್ಟ. 1933ರಲ್ಲಿ ಅವನು ಸತ್ತ ಮೇಲೆ ಮನೆ ಊರಿನ ಆಡಳಿತಕ್ಕೆ ಹೋಯ್ತು, ಕಾಗದ ಆಚೆ ಬಂದ್ವು, ಆಮೇಲೂ ಎಷ್ಟೋ ದಶಕ ಗೂಢಲಿಪಿ ಭಾಗ ಯಾರೂ ಅಚ್ಚು ಹಾಕಲಿಲ್ಲ. 1988ರಲ್ಲಿ ಹೆಲೆನಾ ವಿಟ್‌ಬ್ರೆಡ್ ಅಂತ ಅದೇ ಊರಿನ ಹೆಂಗಸು ವರ್ಷಗಟ್ಟಲೆ ಕೂತು ಬಿಡಿಸಿ ಪುಸ್ತಕ ಮಾಡಿದ್ಲು. 2011ರಲ್ಲಿ ಯುನೆಸ್ಕೋದ ಬ್ರಿಟನ್ ದಾಖಲೆಗಳ ನೆನಪಿನ ಪಟ್ಟಿಗೆ ಆ ಡೈರಿ ಸೇರಿತು.

ಅಂದ್ರೆ ಸ್ವಾಮಿ, ನಿಜ ಜೀವನದಲ್ಲಿ ಸುಡು ಅಂತ ಹೇಳೋ ಸ್ನೇಹಿತ ಪಕ್ಕದಲ್ಲೇ ಇದ್ದ, ಹೆದರೋಕೆ ಕಾರಣ ಇತ್ತು, ಒಲೆನೂ ಇತ್ತು, ಆದ್ರೂ ಆ ಮನುಷ್ಯ ಹಲಗೆ ತೆಗೆದು ಹಿಂದೆ ಇಟ್ಟ. ನಿಮಗೆ ಯಾವ ಪೊಲೀಸೂ ಇಲ್ಲ, ಸಲಿಂಗ ಸಂಬಂಧವನ್ನ ಅಪರಾಧ ಅಂತಿದ್ದ ಐಪಿಸಿ 377ನೇ ಸೆಕ್ಷನ್ನಿನ ಭಯಾನೂ 2018ರ ಸೆಪ್ಟೆಂಬರ್ 6ಕ್ಕೇ ಹೋಯ್ತು, ಎಸಿ ರೂಮಲ್ಲಿ ಕೂತು ಕಡತ ಒಲೆಗೆ ಹಾಕ್ತೀರಿ.

ಇನ್ನೊಂದು ಸಂಗತಿ ಇದೇ ಕತೇದು. ಆನ್ ಲಿಸ್ಟರ್ ಮತ್ತೆ ಆನ್ ವಾಕರ್ 1834ರಲ್ಲಿ ಯಾರ್ಕ್ ಊರಿನ ಒಂದು ಚರ್ಚಿಗೆ ಹೋಗಿ ಜೊತೆಯಲ್ಲಿ ಪ್ರಸಾದ ತಗೊಂಡು ಅದನ್ನೇ ತಮ್ಮ ಮದುವೆ ಅಂತ ಅಂದ್ಕೊಂಡ್ರು. 2018ರಲ್ಲಿ ಅಲ್ಲೊಂದು ಫಲಕ ಹಾಕಿದ್ರು, ಅದರಲ್ಲಿ ಅವಳನ್ನ ಲಿಂಗದ ಕಟ್ಟುಪಾಡಿಗೆ ಒಗ್ಗದ ಉದ್ಯಮಿ ಅನ್ನೋ ಅರ್ಥ ಬರೋ ಹಾಗೆ ಬರೆದಿದ್ರು, ಲೆಸ್ಬಿಯನ್ ಅನ್ನೋ ಪದಾನೇ ಇರಲಿಲ್ಲ. ಜನ ಗಲಾಟೆ ಮಾಡಿದ್ರು, 2019ರಲ್ಲಿ ಫಲಕ ಬದಲಾಯ್ತು, ಲೆಸ್ಬಿಯನ್ ಮತ್ತು ದಿನಚರಿಗಾರ್ತಿ ಅಂತ. ಹದಿನಾಲ್ಕು ತಿದ್ದುಪಡಿ ಟೈಪ್ ಮಾಡಿದ ನನಗೆ ಈ ಫಲಕದ ಕತೆ ಓದಿದಾಗ ಬೆರಳು ಸುಟ್ಟ ಹಾಗಾಯ್ತು. ಒಂದು ಪದ ಬದಲಾಯಿಸೋದು ಚಿಕ್ಕ ಕೆಲಸ ಅಂತ ನಾವು ಪ್ರೂಫಿನವರು ಅಂದ್ಕೊಂಡಿರ್ತೀವಿ. ಇಷ್ಟು ವರ್ಷ ಅವರಿಬ್ಬರ ಬಗ್ಗೆ ನಮಗೆ ಗೊತ್ತಿದ್ದಿದ್ದು ಲಿಸ್ಟರ್ ಬರೆದಿದ್ದಷ್ಟೇ. 2020ರಲ್ಲಿ ಅದೇ ಹ್ಯಾಲಿಫ್ಯಾಕ್ಸ್ ಕಡೆಯ ದಾಖಲೆ ಸಂಗ್ರಹದಲ್ಲಿ ವಾಕರ್ ಬರೆದ ಸ್ವಂತ ಡೈರೀನೂ ಸಿಕ್ತು, 1834ರ ಜೂನ್‌ನಿಂದ 1835ರ ಫೆಬ್ರವರಿ ತನಕದ್ದು, ಅಲ್ಲೇ ಇತ್ತು, ಅವಳದು ಅಂತ ಯಾರೂ ಗುರುತು ಹಿಡಿದಿರಲಿಲ್ಲ. ಕಾದಂಬರಿಕಾರರೇ, ಇಂಥದ್ದಿದೆ ನೋಡಿ: ಇಬ್ಬರು ಪ್ರೀತಿಸಿದ್ರು, ಒಬ್ಬಳ ಮಾತು ಮೊದಲು ಸಿಕ್ತು, ಇನ್ನೊಬ್ಬಳದು ಒಂದು ತಲೆಮಾರು ಬಿಟ್ಟು ಸಿಕ್ತು. ಇದನ್ನ ಯಾರಾದ್ರೂ ಕನ್ನಡದ ಮಣ್ಣಲ್ಲಿ ಊರಿ ಬರೀರಪ್ಪ, ಪ್ರೂಫ್ ಪುಕ್ಕಟೆ ನೋಡಿಕೊಡ್ತೀನಿ.

ಅದು ಇಂಗ್ಲೆಂಡ್, ನಮ್ಮಲ್ಲಿ ಸಾಕ್ಷಿ ಎಲ್ಲಿದೆ ಅಂತೀರಿ. ಒಪ್ತೀನಿ, ಲಿಸ್ಟರ್ ಡೈರಿಯಂಥದ್ದು ಕನ್ನಡದಲ್ಲಿ ನಾನು ನೋಡಿಲ್ಲ. ಆದ್ರೆ "ಆ ಕಾಲದಲ್ಲಿ ಇರಲಿಲ್ಲ" ಅನ್ನೋ ಮಾತಿಗೆ ಶ್ರವಣಬೆಳಗೊಳಕ್ಕೆ ಹೋಗಿ ಬನ್ನಿ. ಆ ಬಾಹುಬಲಿಯನ್ನ ನಿಲ್ಲಿಸಿದ ಚಾವುಂಡರಾಯನ ಗುರು ನೇಮಿಚಂದ್ರ, 10ನೇ ಶತಮಾನ, ಗೊಮ್ಮಟಸಾರ ಅಂತ ಪ್ರಾಕೃತದಲ್ಲಿ ಗ್ರಂಥ ಬರೆದ. ಅದರ ಜೀವಕಾಂಡದಲ್ಲಿ ಮನುಷ್ಯರ ಕಾಮದ ಒಲವಿಗೆ ವೇದ ಅಂತ ಹೆಸರು, ಪುರುಷ, ಸ್ತ್ರೀ, ನಪುಂಸಕ ಅಂತ ಮೂರು, ದೇಹದ್ದು ಬೇರೆ ಭಾವದ್ದು ಬೇರೆ. ದೇಹ ಮತ್ತು ಭಾವ ಬಹಳಮಟ್ಟಿಗೆ ಹೊಂದಿಕೊಂಡಿರುತ್ತೆ, "ಕಹಿಂ ವಿಸಮಾ", ಕೆಲವು ಕಡೆ ಹೊಂದಿಕೊಂಡಿರಲ್ಲ ಅಂತ ಗಾಹೆಯಲ್ಲೇ, ಅಂದ್ರೆ ಪ್ರಾಕೃತ ಪದ್ಯದಲ್ಲೇ, ಹೇಳಿದಾನೆ. ಒಬ್ಬರದು ಹುಲ್ಲಿನ ಬೆಂಕಿ, ಒಬ್ಬರದು ಬೆರಣಿ ಬೆಂಕಿ, ಒಬ್ಬರದು ಇಟ್ಟಿಗೆ ಗೂಡಿನ ಬೆಂಕಿ ಅಂತ ಹೋಲಿಕೆ ಬೇರೆ. ಇದಕ್ಕೆ 1359ರಲ್ಲಿ ಕೇಶವವರ್ಣಿ ಕನ್ನಡದಲ್ಲೇ ವೃತ್ತಿ, ಅಂದ್ರೆ ವ್ಯಾಖ್ಯಾನ, ಬರೆದ. ಹಾಗಂತ ಇದು ಪ್ರೇಮವನ್ನ ಹೊಗಳೋ ಗ್ರಂಥ ಅಲ್ಲ, ಮೂರು ಬೆಂಕೀನೂ ಆರಿಸ್ಕೊಳ್ಳಿ ಅಂತ ಹೇಳೋ ವೈರಾಗ್ಯದ ಗ್ರಂಥ, ನಾನು ತಿರುಚೋಕೆ ಹೋಗಲ್ಲ. ಆದ್ರೆ ಆರಿಸ್ಕೊಳ್ಳಿ ಅನ್ನೋಕೆ ಬೆಂಕಿ ಇರಬೇಕಲ್ವಾ?

ಮೈಸೂರಿನವರಿಗೆ ಇನ್ನೂ ಹತ್ತಿರದ್ದು. ಓಲೆಗರಿ ಸಿಕ್ಕಿದ ಕತೆ ಅಂದ್ರೆ ನಮಗೆಲ್ಲ ಮೊದಲು ನೆನಪಾಗೋದು ಮೈಸೂರಿನ ಓರಿಯಂಟಲ್ ಲೈಬ್ರರಿಯ ಶಾಮಶಾಸ್ತ್ರಿಗಳು, ತಂಜಾವೂರಿನ ಪಂಡಿತರೊಬ್ಬರು ತಂದುಕೊಟ್ಟ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ್ರು. ಶಾಲೆ ಪುಸ್ತಕದಲ್ಲೂ ಇದೆ, ಹೆಮ್ಮೆ ಪಡ್ತೀವಿ. ಆ ಕಟ್ಟಿನೊಳಗೇ ಗಂಡಸು ಗಂಡಸನ್ನ ಕೂಡಿದ್ರೆ ಪೂರ್ವಸಾಹಸ ದಂಡ ಅಂತ ಇದೆ, ಅಂದ್ರೆ ದಂಡಗಳಲ್ಲಿ ಕೆಳಗಿನ ದರ್ಜೇದು. ಊರಲ್ಲಿ ಇಲ್ಲದ ಎಮ್ಮೆಗೆ ಯಾರೂ ದೊಡ್ಡಿ ಕಟ್ಟಲ್ಲ.

ಸಂಪಾದಕರಿಗೆ ಅಂತಲೇ ಒಂದು ಮಾತಿದೆ. ನಂಜನಗೂಡಿನ ಕಡೆ 1878ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ ಗೊತ್ತಲ್ಲ, ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿ ಕಟ್ಟಿಸಿದೋರು. 18ನೇ ಶತಮಾನದ ತಂಜಾವೂರಿನ ಮುದ್ದುಪಳನಿ ತೆಲುಗಿನಲ್ಲಿ ಬರೆದ ರಾಧಿಕಾ ಸಾಂತ್ವನಂ ಅವರ ಕೈಗೆ ಸಿಕ್ತು. 1887ರಲ್ಲಿ ಒಬ್ಬ ಸಂಪಾದಕ ಅದನ್ನ ಅಚ್ಚು ಹಾಕಿದ್ದ, ಆದ್ರೆ ಹಲವು ಪದ್ಯ ಬಿಟ್ಟು, ಕವಯಿತ್ರಿ ತನ್ನ ಬಗ್ಗೆ ತಾನೇ ಹೇಳ್ಕೊಂಡ ಪೀಠಿಕೇನೂ ಬಿಟ್ಟು. ನಾಗರತ್ನಮ್ಮ ಹಸ್ತಪ್ರತಿ ಹುಡುಕಿ, ಬಿಟ್ಟಿದ್ದನ್ನೆಲ್ಲ ಸೇರಿಸಿ 1910ರಲ್ಲಿ ಅಚ್ಚು ಹಾಕಿಸಿದ್ರು. ಅಶ್ಲೀಲ ಅಂತ ಮರುವರ್ಷವೇ ಸರ್ಕಾರ ಮುಟ್ಟುಗೋಲು ಹಾಕಿತು, ನಿಷೇಧ ತೆರವಾಗಿದ್ದು 1947ಕ್ಕೆ. ಅದು ಗಂಡುಹೆಣ್ಣಿನ ಶೃಂಗಾರದ ಕಾವ್ಯ, ನಾನು ಹೇಳ್ತಿರೋ ವಿಷಯದ್ದಲ್ಲ, ಆದ್ರೆ ಕತ್ತರಿ ಅದೇ. ಆ 1887ರ ಸಂಪಾದಕನೂ ಒಳ್ಳೇ ಮನುಷ್ಯನೇ ಇದ್ದಿರಬಹುದು, ಓದುಗರಿಗೆ ಮುಜುಗರ ಆಗಬಾರದು ಅಂತಲೇ ಮಾಡಿರಬಹುದು. ನಿಮ್ಮ ಕೆಂಪು ಪೆನ್ನು ನೋಡಿದಾಗೆಲ್ಲ ನನಗೆ ಅವನು ನೆನಪಾಗ್ತಾನೆ.

ಮುಜುಗರದ ಲೆಕ್ಕಾನೂ ಪೂರ್ತಿ ನಿಜ ಅಲ್ಲ. ವಸುಧೇಂದ್ರ ಅವರ ಮೋಹನಸ್ವಾಮಿ 2013ರಲ್ಲಿ ಬಂತು, ಗಂಡಸನ್ನ ಪ್ರೀತಿಸೋ ಗಂಡಸಿನ ಕತೆಗಳನ್ನ ಕನ್ನಡದ ಜನ ಓದಿದ್ರು, ಇಂಗ್ಲಿಷಿಗೂ ಹೋಯ್ತು. ಅದೇ ಲೇಖಕರ ಐತಿಹಾಸಿಕ ಕಾದಂಬರಿಗಳಿಗೂ ಜನ ಸಾಲುಗಟ್ಟಿದ್ರು, ಯಾರೂ ಪುಸ್ತಕ ಎಸೆದು ಎದ್ದು ಹೋಗಲಿಲ್ಲ. ಟ್ರಾನ್ಸ್‌ಜೆಂಡರ್ ಕಲಾವಿದೆ ಜೋಗತಿ ಮಂಜಮ್ಮ ಜಾನಪದ ಅಕಾಡೆಮಿ ಅಧ್ಯಕ್ಷರಾದ್ರು, 2021ರಲ್ಲಿ ಪದ್ಮಶ್ರೀ ತಗೊಳ್ಳುವಾಗ ರಾಷ್ಟ್ರಪತಿಗಳಿಗೆ ಸೆರಗಿನಲ್ಲಿ ದೃಷ್ಟಿ ತೆಗೆದಿದ್ದನ್ನ ನಮ್ಮೂರ ಹೋಟೆಲ್ ಟೀವೀಲಿ ಇಡ್ಲಿ ತಿಂತಾ ನೋಡಿದೀವಿ, ಎಲ್ಲರೂ ಖುಷಿಪಟ್ರು. ಅದೇ ನಿಮ್ಮ ಕಾದಂಬರೀಲಿ ಜೋಗಪ್ಪ ಬಂದ್ರೆ ಶಕುನ ಹೇಳಿ ಮಾಯ ಆಗ್ತಾನೆ, ಇಲ್ಲಾಂದ್ರೆ ಅಂತಃಪುರದ ಖೋಜಾ ಆಗಿ ವಿಷ ಬೆರೆಸ್ತಾನೆ. ಅವರಿಗೂ ಬೆಳಿಗ್ಗೆ ಎದ್ದು ಹಲ್ಲುಜ್ಜೋದು, ಬಾಡಿಗೆ ಕಟ್ಟೋದು ಇರುತ್ತೆ ಅಂತ ಬರೆಯೋಕೆ ಎಷ್ಟು ಪುಟ ಬೇಕು?

ಈಗ ನಾನು ಕೇಳೋದನ್ನ ಕೇಳಿಬಿಡ್ತೀನಿ. ಪ್ರಕಾಶಕರೇ, ಲೇಖಕರು "ಒಲವು" ಅಂತ ಬರೆದಿದ್ರೆ ಅದನ್ನ "ಸಖ್ಯ" ಮಾಡೋ ಮುಂಚೆ ಅವರನ್ನ ಕೂರಿಸಿ ಕೇಳಿ, ಫೋನಲ್ಲಿ ಅಲ್ಲ, ಮೊದಲ ಪುಸ್ತಕದವರು ಫೋನಲ್ಲಿ ಎಲ್ಲದಕ್ಕೂ ಹೂಂ ಅಂತಾರೆ. ಕಾದಂಬರಿಕಾರರೇ, ಕಾಗದ ಸಿಕ್ಕಿದ ಕತೆ ಬರೀತೀರಾ, ಆ ಕಾಗದ ಉಳಿಸಿ, ಉಳಿದ ಮೇಲೆ ಏನಾಗುತ್ತೆ ಅಂತ ಬರೀರಿ, ಕಷ್ಟ ಇರೋದು ಅಲ್ಲೇ: ಅದನ್ನ ಯಾರು ಓದ್ತಾರೆ, ಮನೆಯವರು ಏನಂತಾರೆ, ಭಂಡಾರದವರು ಪಟ್ಟೀಲಿ ಏನಂತ ಬರ್ಕೊಳ್ತಾರೆ. ಇನ್ನೊಂದು, ನಮ್ಮ ಕಡೆಯವರಿಗೂ ಸೇರಿಸಿಯೇ ಹೇಳ್ತೀನಿ, ಕಟ್ಟಿದ ಶಾಸನ ಕಟ್ಟಿದ ಓಲೆಗರಿ ಯಾವುದು, ನಿಜವಾದದ್ದು ಯಾವುದು ಅಂತ ಪುಸ್ತಕದ ಕೊನೇಲಿ ಒಂದು ಪುಟ ಹಾಕಿ. ಇಲ್ಲಾಂದ್ರೆ ನಾಳೆ ಬೆಳಿಗ್ಗೆ ಅದು ವಾಟ್ಸಾಪ್‌ನಲ್ಲಿ ಸಂಶೋಧನೆ ಆಗಿ ಬರುತ್ತೆ, ನಾಡಿದ್ದು ಅದು ಸುಳ್ಳು ಅಂತ ಯಾರೋ ತೋರಿಸ್ತಾರೆ, ಆಮೇಲೆ ನಿಜವಾದದ್ದನ್ನೂ ಯಾರೂ ನಂಬಲ್ಲ. ತೀರ್ಪುಗಾರರೇ, ನಿಮ್ಮನ್ನ ಬಹುಮಾನ ಕೊಡಿ ಅಂತ ಕೇಳ್ತಿಲ್ಲ. "ಸಹಜವಾದ ಸೋದರಿ ಭಾವ" ಅಂತ ತೀರ್ಪಿನ ಟಿಪ್ಪಣೀಲಿ ಬರೆಯೋ ಮುಂಚೆ ಪುಸ್ತಕ ಇನ್ನೊಂದ್ಸಲ ಓದಿ.

ನನಗ್ಯಾಕೆ ಇಷ್ಟು ಉರಿ ಅಂತ ಕೇಳಬಹುದು. ಒಂಬತ್ತು ವರ್ಷದಿಂದ ನಾವಿಬ್ಬರು ಒಂದೇ ಮನೇಲಿದೀವಿ. ಪ್ರತಿ ಹನ್ನೊಂದು ತಿಂಗಳಿಗೊಮ್ಮೆ ಬಾಡಿಗೆ ಕರಾರು ಹೊಸದಾಗಿ ಮಾಡಿಸ್ತೀವಿ, ಕರಾರು ನಾನೇ ಟೈಪ್ ಮಾಡೋದು, ಡಿಟಿಪಿ ಗೊತ್ತಲ್ಲ. ಎರಡನೇ ಪುಟದಲ್ಲಿ "ಬಾಡಿಗೆದಾರರು ಪರಸ್ಪರ ಸಹೋದರಿಯರು" ಅಂತ ಇದೆ. ಮೊದಲನೇ ಮನೆಯವರು ಕೇಳಿದಾಗ ಬಾಯಿಗೆ ಬಂದಿದ್ದು ಅದು, ಆಮೇಲೆ ಹಾಗೇ ಕಾಪಿ ಪೇಸ್ಟ್. ಈಗ ಅಂಥ ಕರಾರು ಒಂಬತ್ತೋ ಹತ್ತೋ ಇವೆ, ಎಲ್ಲಾ ಛಾಪಾ ಕಾಗದದ ಮೇಲೆ, ಸಾಕ್ಷಿ ಸಹಿ ಸಮೇತ, ಬೀರುವಿನ ಕೆಳಗಿನ ಖಾನೇಲಿ ಅವಳ ಪಿಯುಸಿ ಮಾರ್ಕ್ಸ್ ಕಾರ್ಡಿನ ಕೆಳಗೆ. ಇನ್ನೂರು ವರ್ಷ ಆದ ಮೇಲೆ ಯಾರಾದ್ರೂ ನಮ್ಮನ್ನ ಹುಡುಕಿದ್ರೆ ಸಿಕ್ಕೋ ಸಾಕ್ಷಿ ಅದು, ಇಬ್ಬರು ಅಕ್ಕತಂಗಿಯರು, ಬಾಡಿಗೆ ಸರಿಯಾಗಿ ಕಟ್ತಿದ್ರು. ಹಾಗಾಗಿ "ನನ್ನವಳು" ಹೊಡೆದು "ತಂಗಿಯಂಥವಳು" ಅಂತ ಟೈಪ್ ಮಾಡೋವಾಗ ಬೆರಳು ತಾನಾಗೇ ಓಡ್ತು, ಅಭ್ಯಾಸ ಇತ್ತಲ್ಲ. ಅದಕ್ಕೇ ಉರಿ.

ಆ ಕಾದಂಬರಿಯ ಲೇಖಕಿ ಇದನ್ನ ಓದ್ತಿದ್ರೆ, ಅವರಿಗೆ ಮಾತ್ರ ಒಂದು ಮಾತು. ಪುಸ್ತಕ ಪ್ರೆಸ್‌ಗೆ ಹೋದ ಮೇಲೆ ಹಳೇ ಫೈಲ್‌ಗಳನ್ನ ಡಿಲೀಟ್ ಮಾಡಿ, ಗೊಂದಲ ಆಗಬಾರದು ಅಂತ ನನಗೆ ಮೇಲ್ ಬಂದಿತ್ತು. ಸರಿ ಸಾರ್ ಅಂತ ಉತ್ತರ ಹಾಕಿದೆ. ಮಾಡಿಲ್ಲ. ನಿಮ್ಮ ಮೊದಲನೇ ಪ್ರತಿ ಪೂ‌ರ್ತಿ ನನ್ನ ಹತ್ರ ಇದೆ, ಮೊಲ್ಲೆ ಹೂವಿನ ಸಾಲೂ ಇದೆ, ಹಳೇ ಸೀರೇಲಿ ಸುತ್ತಿದ ಕಡತಾನೂ ಇದೆ, ರಸೀದೀನೂ ಇದೆ. ಯಾವಾಗ ಬೇಕಾದ್ರೂ ಕೇಳಿ, ಅಷ್ಟರಲ್ಲಿ 212ನೇ ಪುಟದಲ್ಲಿ ಎರಡು ಕಡೆ ಒತ್ತು ಬಿಟ್ಟುಹೋಗಿದ್ದನ್ನ ಸರಿ ಮಾಡಿ ಇಟ್ಟಿರ್ತೀನಿ.

ಇಂತಿ ನಿಮ್ಮ ವಿಶ್ವಾಸಿ,
ಪ್ರೂಫ್ ನೋಡುವವಳು